ನರ್ಸಮ್ಮನ ಮಗ ಮಾರಿದ ಶೇರು

ಬಡಗಿ ಬಾಗಿಲು ತಟ್ಟಿದಾಗ ಮನೆಯಲ್ಲಿ ಯಾರ ತಿಂಡಿಯೂ ಮುಗಿದಿರಲಿಲ್ಲ. ಸೊಸೆ ಒಲೆಯ ಮುಂದೆ ನಿಂತೇ ಬ್ರೆಡ್ಡು ಅಗಿಯುತ್ತ ಮೊಟ್ಟೆ ಹುರಿಯುತ್ತಿದ್ದಳು. ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ಮೊದಲ ವಿದ್ಯಾರ್ಥಿ ಆಗಲೇ ಬೀದಿಯ ತುದಿಯಲ್ಲಿ ಕಾಯುತ್ತಿದ್ದ. ಮೊಮ್ಮಗಳು ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಮಂಚದ ಕೆಳಗೆ ಹುಡುಕುತ್ತ, ಕಾಲೇಜಿನ ಬಸ್ಸು ತಪ್ಪಿದರೆ ಅದಕ್ಕೆ ಮನೆಯವರೆಲ್ಲ ಹೊಣೆ ಎಂದು ಕೂಗಾಡುತ್ತಿದ್ದಳು. ಬಾಗಿಲು ತೆಗೆದದ್ದು ಅಜ್ಜಿ.

ಅಜ್ಜಿಯನ್ನು ಬೀದಿಯವರೆಲ್ಲ ನರ್ಸಮ್ಮ ಎನ್ನುತ್ತಿದ್ದರು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕೂದಲು ಬೆಳ್ಳಗಾಗುವವರೆಗೂ ದುಡಿದು ನಿವೃತ್ತಳಾದವಳು. ಆ ಬಡಾವಣೆಯಲ್ಲಿ ಅವಳ ಸೂಜಿ ತಾಗದ ತೋಳು ಸಿಗುವುದು ಕಷ್ಟ. ಬಡಗಿಯ ಎರಡು ಬೆರಳು ಗರಗಸಕ್ಕೆ ಹೋದಾಗ ತಿಂಗಳುಗಟ್ಟಲೆ ಪಟ್ಟಿ ಕಟ್ಟಿದವಳೂ ಅವಳೇ.

"ಒಳಗೆ ಬಾಪ್ಪ."

"ಬೇಡ ನರ್ಸಮ್ಮ. ಸೂಟು ಇದಾನಾ?"

ಸೂಟು ಎಂದರೆ ಅವಳ ಮಗ. ಮೊದಲು ಮನೆಮನೆಗೆ ಹೋಗಿ ನೀರಿನ ಫಿಲ್ಟರ್ ಮಾರುತ್ತಿದ್ದವನು. ಗಾಜಿನ ಕಾರ್ಖಾನೆಯೊಂದರ ಶೇರು ಮಾರುವ ಕೆಲಸ ಹಿಡಿದ ಮೇಲೆ ಸುಡುಬಿಸಿಲಿನಲ್ಲೂ ಮೈಮೇಲಿನ ಕೋಟು ಇಳಿಸುತ್ತಿರಲಿಲ್ಲ. ಹೆಸರು ತಾನಾಗಿ ಅಂಟಿಕೊಂಡಿತ್ತು.

"ಕೆಲಸದ ಮೇಲೆ ಹೋಗಿದಾನೆ. ನಾಳೆ ಬರ್ತಾನೆ. ಯಾಕೆ?"

"ತಿಂಗಳ ಲಾಭ ಬಂದು ಎಷ್ಟು ದಿನ ಆಯ್ತು! ಫೋನ್ ಮಾಡಿದ್ರೆ ಎತ್ತಲ್ಲ. ಆಫೀಸಿಗೆ ಹೋದ್ರೆ ಮೀಟಿಂಗ್ ಅಂತಾರೆ."

ನರ್ಸಮ್ಮನ ಮುಖ ಬಿಗಿಯಿತು. "ನೀನೂ ದುಡ್ಡು ಹಾಕಿದ್ಯಾ?"

"ಬೆರಳಿಗೆ ಪರಿಹಾರ ಬಂತಲ್ಲ. ಅಷ್ಟನ್ನೂ."

"ಯಾರು ಹಾಕು ಅಂದೋರು ನಿನಗೆ?"

"ಯಾರು ಅನ್ನಬೇಕು? ನೀವಿದ್ದೀರಲ್ಲ ಅಂತ ಹಾಕ್ದೆ. ಈ ಮನೇಲೇ, ಆ ಕುರ್ಚಿ ಮೇಲೇ ಕೂರಿಸಿ ಸಹಿ ಹಾಕಿಸ್ಕೊಂಡ. ಚಹಾ ನೀವೇ ತಂದುಕೊಟ್ರಿ."

"ನೀನು ಕಪಾಟಿನ ಅಳತೆಗೆ ಬಂದಿದ್ದೀಯ ಅಂದ್ಕೊಂಡಿದ್ದೆ ಕಣೋ!"

ಬಡಗಿ ಜಗಳವಾಡಲಿಲ್ಲ. ಜಗಳವಾಡಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಮೂರು ಬೆರಳಿನ ಕೈಯಿಂದ ಬಾಗಿಲ ಚೌಕಟ್ಟನ್ನು ಅಭ್ಯಾಸಬಲದಿಂದ ಒಮ್ಮೆ ಸವರಿ, "ಮತ್ತೆ ಬರ್ತೀನಿ" ಎಂದು ಹೊರಟುಹೋದ.

ಸೊಸೆ ಬಾಣಲೆಯನ್ನೂ ಇಳಿಸಲಿಲ್ಲ, ಇತ್ತ ತಿರುಗಲೂ ಇಲ್ಲ. ಮೊಟ್ಟೆ ಸೀದ ವಾಸನೆ ಮನೆಯೆಲ್ಲ ತುಂಬಿತು.

ಮರುದಿನ ಮಧ್ಯಾಹ್ನ ಸೂಟು ಬಂದ. ಕಂಕುಳಲ್ಲಿ ದೊಡ್ಡ ಕಲ್ಲಂಗಡಿ. ಬಾಗಿಲಲ್ಲೇ, "ಎಲ್ಲಿ, ಚಾಕು ತನ್ನಿ, ನೋಡಿ ಹೇಗಿದೆ ಹಣ್ಣು!" ಎಂದ. ಯಾರೂ ಏಳಲಿಲ್ಲ. ರಜೆಯ ದಿನವಾದ್ದರಿಂದ ಮೂವರೂ ಊಟಕ್ಕೆ ಕೂತಿದ್ದರು. ಅವನೇ ಹಣ್ಣನ್ನು ಮೇಜಿನ ನಡುವೆ ಇಟ್ಟು, ಕೋಟು ಹಾಕಿಕೊಂಡೇ ಅನ್ನ ಬಡಿಸಿಕೊಂಡ.

"ಬಡಗಿ ದುಡ್ಡೆಲ್ಲಿ?" ನರ್ಸಮ್ಮ ಕೇಳಿದಳು.

"ಬರುತ್ತಮ್ಮ. ಯಂತ್ರಗಳು ಹಡಗಿನಲ್ಲಿವೆ. ಅವು ಬಂದು ಕೂತ ಕೂಡಲೇ..."

"ಹಡಗಿನಲ್ಲಿ ಏನಿದೆ ಅಂತ ಕೇಳಲಿಲ್ಲ. ಅವನ ದುಡ್ಡು ಎಲ್ಲಿ ಅಂದೆ."

"ಕಂಪನೀಲಿದೆ. ಶೇರು ಅಂದ್ರೆ ಡಬ್ಬಿಯಲ್ಲಿಟ್ಟ ಸಕ್ಕರೆಯಾ, ಬೇಕಾದಾಗ ತೆಗೆಯೋಕೆ? ನಿನಗಿದೆಲ್ಲ ಅರ್ಥ ಆಗಲ್ಲ, ಬಿಡು."

"ಅರ್ಥ ಆಗದವರ ಹತ್ರ ತಗೊಳ್ಳೋಕೆ ನಾಚಿಕೆ ಆಗ್ಲಿಲ್ವಾ?"

"ನಾನೇನು ಕಿತ್ಕೊಂಡ್ನಾ? ಖುಷಿಯಿಂದ ಕೊಟ್ರು!"

ಮೊಮ್ಮಗಳು ತಟ್ಟೆ ಪಕ್ಕಕ್ಕೆ ಸರಿಸಿ ಫೋನು ಮೇಜಿನ ಮೇಲಿಟ್ಟಳು. ಶೇರು ಮಾರುವವರ ಮೇಲೆ ಕಣ್ಣಿಡಲು ಸರ್ಕಾರದ್ದೊಂದು ಹೂಡಿಕೆ ಕಚೇರಿ ಇದೆಯೆಂದು ಕಾಲೇಜಿನಲ್ಲಿ ಯಾರೋ ಹೇಳಿದ್ದರು. ಸ್ಪೀಕರ್ ಹಾಕಿ ಅಲ್ಲಿಗೇ ಕರೆ ಮಾಡಿದಳು. ಅಪ್ಪ ನಗುತ್ತ, "ಮಾಡು, ಮಾಡು. ರಜೆಯ ದಿನ ಯಾರು ಎತ್ತುತ್ತಾರೆ ನೋಡೋಣ" ಎಂದ.

ಎತ್ತಿದರು. ನೆಗಡಿಯಾದ ಹೆಂಗಸಿನ ದನಿ. ಮೊಮ್ಮಗಳು ಕಂಪನಿಯ ಹೆಸರು ಹೇಳಿದಳು. ಆ ಕಡೆ ಸ್ವಲ್ಪ ಹೊತ್ತು ಕೀಲಿಮಣೆ ಕುಟ್ಟುವ ಸದ್ದು.

"ಜನರಿಗೆ ಶೇರು ಮಾರೋ ಕಂಪನಿ ನಮ್ಮಲ್ಲಿ ನೋಂದಣಿ ಮಾಡಿಸ್ಬೇಕಮ್ಮ. ಲೆಕ್ಕಪತ್ರ ತೋರಿಸ್ಬೇಕು. ಮಾರೋ ಏಜೆಂಟೂ ಲೈಸೆನ್ಸ್ ತಗೋಬೇಕು. ಇವರು ಎರಡೂ ಮಾಡಿಲ್ಲ. ನೀವು ದುಡ್ಡು ಹಾಕಿದ್ದೀರಾ?"

"ನಾನಲ್ಲ. ನಮ್ಮ ಬೀದಿಯವರು."

"ಮಾರಿದೋರು ಯಾರು ಅಂತ ಗೊತ್ತಾ?"

ಮೊಮ್ಮಗಳು ಅಪ್ಪನ ಕಡೆ ನೋಡಿದಳು. ಅವನು ಬೇಡವೆಂದು ತಲೆಯಾಡಿಸುತ್ತಿದ್ದ.

"ನಮ್ಮಪ್ಪ," ಎಂದಳು.

ಅವನು ಹಾರಿ ಫೋನು ಕಿತ್ತುಕೊಂಡ. ಎಂಜಲು ಕೈ. ಕಲ್ಲಂಗಡಿ ಉರುಳಿ ನೆಲಕ್ಕೆ ಬಿದ್ದು ಒಡೆಯಿತು. "ಹೆತ್ತ ಮಗಳು! ನನ್ನ ಅನ್ನ ತಿಂದು..."

"ನಿಮ್ಮ ಅನ್ನ ಅಲ್ಲ, ಅಪ್ಪ. ಬಡಗಿ ಮಾವಂದು."

ಅವನು ಕೈ ಎತ್ತಿದ. ಸೊಸೆ ನಡುವೆ ಬಂದು ನಿಂತಳು. "ಹೊಡೀರಿ ನೋಡೋಣ," ಎಂದಳು. ಅವನು ಕೈ ಇಳಿಸಿ, ಕೋಟಿನ ತೋಳು ಕೊಡವಿಕೊಂಡು ಹೊರಗೆ ಹೋದ. ಅತ್ತೆ ಸೊಸೆ ಇಬ್ಬರೂ ಸೇರಿ ನೆಲ ಒರೆಸಿದರು.

ಎರಡು ದಿನ ಬಿಟ್ಟು ನರ್ಸಮ್ಮ ಸೊಸೆಗೆ, "ಆ ಕಾರ್ಖಾನೆ ಎಲ್ಲಿದೆಯೋ, ಅಲ್ಲಿಗೆ ಕರ್ಕೊಂಡು ಹೋಗು" ಎಂದಳು. ಡ್ರೈವಿಂಗ್ ಸ್ಕೂಲಿನ ಕಾರು. ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು. ನರ್ಸಮ್ಮನಿಗೆ ಮಗನ ನೆನಪಾಗಿ ಸಿಟ್ಟು ನೆತ್ತಿಗೇರಿದಾಗಲೆಲ್ಲ ಕಾಲು ತಾನಾಗಿ ಅದನ್ನು ಒತ್ತುತ್ತಿತ್ತು. ಕಾರು ನಡುರಸ್ತೆಯಲ್ಲಿ ಗಕ್ಕನೆ ನಿಲ್ಲುತ್ತಿತ್ತು.

"ಅತ್ತೆ, ಕಾಲು ತೆಗೀರಿ! ಹಿಂದಿನ ಲಾರಿಯವನು ನಮ್ಮನ್ನ ಅಪ್ಪಚ್ಚಿ ಮಾಡ್ತಾನೆ!"

"ನಿನ್ನ ಗಂಡನ್ನ ಹೆರೋ ಮುಂಚೆ ಯಾರಾದ್ರೂ ಹೀಗೊಂದು ಬ್ರೇಕು ಕೊಟ್ಟಿದ್ರೆ!"

ಸೊಸೆಗೆ ನಗು ತಡೆಯಲಾಗಲಿಲ್ಲ. ಆದರೆ ಆ ನಗು ಹೆಚ್ಚು ದೂರ ಬರಲಿಲ್ಲ.

ಊರಾಚೆ ಉದ್ದನೆಯ ಗೋಡೆ, ಹಸಿರು ಗೇಟು, ಗೇಟಿನ ಮೇಲೆ ಹೊಳೆಯುವ ಬೋರ್ಡು. ಗೇಟಿನ ಸಂದಿಯಲ್ಲಿ ಇಣುಕಿದರೆ ಒಳಗೆ ಮೊಣಕಾಲೆತ್ತರದ ಕಳೆ, ಒಂದು ತಗಡಿನ ಶೆಡ್ಡು, ಅದರ ನೆರಳಲ್ಲಿ ಮಲಗಿದ ನಾಯಿ. ಕಾವಲುಗಾರ ಎದ್ದು ಬಂದ.

"ಇವತ್ತು ಏನಿಲ್ಲಮ್ಮ. ಭಾನುವಾರ ಬನ್ನಿ. ಭಾನುವಾರ ಕಾರ್ಖಾನೆ ಇರುತ್ತೆ."

"ಭಾನುವಾರ ಇರುತ್ತೆ ಅಂದ್ರೆ?"

"ದುಡ್ಡು ಹಾಕೋರು ನೋಡೋಕೆ ಬರ್ತಾರಲ್ಲ, ಆಗ ಲಾರಿ ಬಾಡಿಗೆಗೆ ತಂದು ನಿಲ್ಲಿಸ್ತಾರೆ. ನಾಲ್ಕು ಜನಕ್ಕೆ ಹೆಲ್ಮೆಟ್ ಹಾಕ್ತಾರೆ. ನನಗೂ ಒಂದು ಕೊಡ್ತಾರೆ. ಸಂಜೆ ವಾಪಸ್ ತಗೋತಾರೆ."

"ತೋರಿಸೋಕೆ ಬರೋರು ಯಾರು?" ಸೊಸೆ ಕೇಳಿದಳು.

"ಕೋಟು ಹಾಕಿರೋರೊಬ್ಬರು. ಒಳ್ಳೇ ಮನುಷ್ಯ. ಬಂದಾಗಲೆಲ್ಲ ನಾಯಿಗೆ ಬಿಸ್ಕತ್ತು ತರ್ತಾರೆ."

ಹಿಂದಿರುಗುವಾಗ ನರ್ಸಮ್ಮ ಬ್ರೇಕು ಒತ್ತಲಿಲ್ಲ. ಕಾಲು ಮಡಚಿಕೊಂಡು, ಕಿಟಕಿಯಾಚೆ ನೋಡುತ್ತ ಕೂತಿದ್ದಳು. "ಅವನಿಗೆ ಗೊತ್ತಿತ್ತು," ಎಂದಳು ಒಂದು ಸಲ. ಸೊಸೆ ಗೇರು ಬದಲಿಸಿದಳು.

ಮೊಮ್ಮಗಳ ಒಂದು ಕರೆಗೆ ಇಷ್ಟು ಬಲವಿದೆ ಎಂದು ಮನೆಯಲ್ಲಿ ಯಾರೂ ಎಣಿಸಿರಲಿಲ್ಲ. ಮುಂದಿನ ವಾರ ಹೂಡಿಕೆ ಕಚೇರಿಯವರು ಬಂದು ಮುಖ್ಯರಸ್ತೆಯಲ್ಲಿದ್ದ ಕಂಪನಿಯ ಆಫೀಸಿಗೆ ಬೀಗ ಜಡಿದರು. ಶೇರು ಮಾರುವುದನ್ನು ನಿಲ್ಲಿಸಬೇಕೆಂಬ ಆದೇಶ ಗಾಜಿನ ಬಾಗಿಲಿಗೆ ಅಂಟಿತು. ಬ್ಯಾಂಕಿನಲ್ಲಿ ಕಂಪನಿಯ ಖಾತೆಗಳನ್ನು ತಡೆಹಿಡಿದರು. ಕಂಪನಿಯ ಅಧ್ಯಕ್ಷ ಅನ್ನಿಸಿಕೊಂಡವನು ಅಷ್ಟರಲ್ಲಿ ಹೆಂಡತಿ ಮಕ್ಕಳ ಸಮೇತ ಪರಾರಿಯಾಗಿದ್ದ. ಉಳಿದವನು ಸೂಟು. ಬೀದಿಯ ಜನಕ್ಕೆ ಗೊತ್ತಿದ್ದ ಮುಖ ಅವನದೊಂದೇ.

ಅವನೀಗ ಬನಿಯನ್ನಿನಲ್ಲಿ ದಿನವಿಡೀ ಮನೆಯಲ್ಲೇ ಇದ್ದ. ಕಿಟಕಿ ಪರದೆ ಎಳೆದು, ಅದರ ಸಂದಿಯಿಂದ ಬೀದಿ ನೋಡುತ್ತ ಕೂರುತ್ತಿದ್ದ. ಜನ ಬಂದು ಗೇಟು ಅಲುಗಾಡಿಸಿದರೆ ನರ್ಸಮ್ಮನೇ ಹೊರಗೆ ಹೋಗಿ ಬೈಸಿಕೊಂಡು ಬರಬೇಕು. ಒಬ್ಬಳು ಅವಳ ಮುಖಕ್ಕೇ, "ಮಕ್ಕಳಿಗೆ ಸೂಜಿ ಹಾಕಿದ ಕೈಯಿಂದ್ಲೇ ನಮ್ಮ ಕತ್ತು ಕೊಯ್ದ್ರಿ" ಎಂದಳು. ಹಾಲಿನವನು ಮುಂಗಡ ಕೇಳಿದ. ಸೊಸೆಯ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬೇರೆ ಮೇಷ್ಟ್ರನ್ನು ಹುಡುಕಿಕೊಂಡರು. ಅವಳು ಬೇಗ ಮನೆಗೆ ಬಂದು, ಸಿಂಕಿನಲ್ಲಿ ಗಂಡ ಬಿಟ್ಟ ಲೋಟಗಳನ್ನು ನೋಡಿ ಉರಿದುಬೀಳುತ್ತಿದ್ದಳು.

"ಇಡೀ ದಿನ ಕೂತಿದ್ದೀರಲ್ಲ ರೀ, ನಿಮ್ಮ ಲೋಟ ತೊಳೆಯೋಕೂ ನೋಂದಣಿ ಬೇಕಾ?"

ಒಂದು ಸಂಜೆ ಸೂಟಿನ ವಕೀಲ ಬಂದ. ಚೊಕ್ಕ ಮನುಷ್ಯ, ಬಾಗಿಲಲ್ಲೇ ಬೂಟು ಬಿಚ್ಚಿ ಜೋಡಿಸಿಟ್ಟು, ನರ್ಸಮ್ಮನ ಎದುರು ಕೂತ.

"ತಾಯಿ, ಕಾನೂನು ಏನು ಹೇಳುತ್ತೆ ಅಂದ್ರೆ, ಹೊರಗಿನ ಜನಕ್ಕೆ ಶೇರು ಮಾರಿದ್ರೆ ನೋಂದಣಿ ಬೇಕು. ನಂಟರು, ಹತ್ತಿರದ ಸ್ನೇಹಿತರು, ಹೀಗೆ ಕೆಲವೇ ಜನ ಸೇರಿ ದುಡ್ಡು ಹಾಕಿದ್ರೆ ಬೇಕಾಗಿಲ್ಲ. ಹೂಡಿಕೆ ಕಚೇರೀಲಿ ವಿಚಾರಣೆ ಇದೆ, ಆ ದಿನ ನೀವು ಬಂದು ಒಂದು ಮಾತು ಹೇಳಿ. ಅವರೆಲ್ಲ ನಮ್ಮ ಮನೆಯವರ ಹಾಗೇ, ನಮ್ಮವರೇ ಅಂತ. ಇಡೀ ಊರೇ ನಿಮ್ಮನ್ನ ನಂಬುತ್ತೆ."

"ಹೇಳಿದ್ರೆ?"

"ಕಚೇರಿಗೆ ಅಧಿಕಾರ ಇಲ್ಲ ಅಂತ ವಾದ ಮಾಡ್ತೀನಿ. ಆದೇಶ ಬಿದ್ದುಹೋಗುತ್ತೆ, ಖಾತೆ ತೆರೆಯುತ್ತೆ."

"ಆ ದುಡ್ಡು ಬಡಗಿಗೆ ಸಿಗುತ್ತಾ?"

ವಕೀಲ ಕನ್ನಡಕ ಒರೆಸಿಕೊಂಡ. "ಅದು ಕಂಪನಿಗೆ ಹೋಗುತ್ತೆ. ಬೇಕಾದ್ರೆ ಅವರು ಬೇರೆ ಕೇಸು ಹಾಕ್ಕೋಬಹುದು."

"ಅಂದ್ರೆ ನಾನು ನಮ್ಮವರು ಅಂದ್ರೆ ಅವರಿಗೆ ಏನೂ ಇಲ್ಲ. ಯಾರೋ ಏನೋ ಅಂದ್ರೆ ಅವರ ದುಡ್ಡು ಅವರಿಗೆ."

"ಹಾಗೆ ನೋಡಬಾರದು ತಾಯಿ."

"ಮತ್ತೆ ಹೇಗೆ ನೋಡ್ಬೇಕು? ಕನ್ನಡಕ ನಿಮ್ಮದು ಕೊಡಿ, ನೋಡ್ತೀನಿ."

ವಕೀಲ ಎದ್ದು ಬೂಟು ಹಾಕಿಕೊಂಡ. ಅವನು ಗೇಟು ದಾಟುವುದೇ ತಡ ಮನೆಯಲ್ಲಿ ಕದನ ಎದ್ದಿತು. ಸೂಟು ತಾಯಿಯ ಮುಂದೆ ನೆಲದ ಮೇಲೆ ಕೂತು ಅತ್ತ. "ನನ್ನನ್ನ ಜೈಲಿಗೆ ಕಳಿಸ್ತೀಯಾ? ನಿನ್ನ ಔಷಧಿ ಯಾರು ತಂದುಕೊಡ್ತಿದ್ದೋರು? ಈ ಮನೆಗೆ ಸುಣ್ಣಬಣ್ಣ ಯಾರು ಮಾಡ್ಸಿದ್ದು?"

"ಅದೇ ಕೆರೆದು ತೆಗೆಯೋಣ ಅಂತಿದ್ದೀನಿ."

ಮೊಮ್ಮಗಳು, "ಅಜ್ಜಿ, ಇದ್ದದ್ದು ಇದ್ದ ಹಾಗೆ ಹೇಳು" ಎಂದಳು. ಆದರೆ ಸೊಸೆ ಎಲ್ಲರನ್ನೂ ಬೆಚ್ಚಿಬೀಳಿಸಿದಳು. "ಹೇಳಿಬಿಡಿ ಅತ್ತೆ. ನಮ್ಮವರು ಅಂತ ಒಂದು ಮಾತು. ಮುಗಿದುಹೋಗ್ಲಿ."

"ನೀನೂ ಹೀಗಂತೀಯಾ? ಆ ಕಳೆ ನೀನೂ ನೋಡಿದ್ಯಲ್ಲೇ!"

ಸೊಸೆ ಸೆರಗು ಹಿಂಡಿದಳು. "ನಂದೂ ಇದೆ ಅದರಲ್ಲಿ," ಎಂದಳು. "ಒಂದು ಹಳೇ ಕಾರು ತಗೊಂಡು ಸ್ವಂತ ಡ್ರೈವಿಂಗ್ ಸ್ಕೂಲ್ ಶುರು ಮಾಡೋಣ ಅಂತ ಕೂಡಿಟ್ಟಿದ್ದು. ಕೇಸು ಬಿದ್ದುಹೋದ್ರೆ ಮೊದಲು ನಿನ್ನದೇ ವಾಪಸ್ ಅಂತ ಇವರು ಹೇಳಿದಾರೆ."

ಮಗಳು ಅಮ್ಮನನ್ನು ಹೊಸಬಳನ್ನು ನೋಡುವಂತೆ ನೋಡಿದಳು. ನರ್ಸಮ್ಮ ಮಾತ್ರ ಸೊಸೆಯನ್ನು ಬೈಯಲಿಲ್ಲ. ಮಗನ ಕಡೆ ತಿರುಗಿದಳು.

"ಹೌದಾ? ಹೆಂಡ್ತಿ ಹಾಕಿದ್ಲು, ಬಡಗಿ ಹಾಕಿದ. ನೀನೆಷ್ಟು ಶೇರು ತಗೊಂಡೆ?"

"ಅದು... ನಾನು ಅಲ್ಲಿ ಕೆಲಸಗಾರ ಅಮ್ಮ. ನನಗೆ ಕಮಿಷನ್."

"ಅದು ಗೊತ್ತು. ಶೇರು ಎಷ್ಟು?"

ಅವನು ಬನಿಯನ್ನಿನ ಅಂಚು ಎಳೆದುಕೊಂಡ.

"ಒಂದಾದ್ರೂ?"

ಸೊಸೆ ನಿಧಾನಕ್ಕೆ ಎದ್ದು ನಿಂತಳು. "ಹೇಳ್ರೀ. ಅಷ್ಟು ಒಳ್ಳೇ ಶೇರು, ನನ್ನ ಕೈಬಳೆನೂ ಅಡವಿಡಿಸಿ ಹಾಕಿಸಿದ್ರಿ. ನೀವು ಒಂದಾದ್ರೂ ತಗೊಂಡ್ರಾ?"

"ನಿನ್ನದು ಬೇರೆ ಕಡೆಯಿಂದ ಕೊಡ್ತೀನಿ ಕಣೇ..."

"ಬೇರೆ ಕಡೆ ಅಂದ್ರೆ ಇನ್ಯಾವ ಬೀದಿ?" ಅವಳ ದನಿ ಪಕ್ಕದ ಮನೆಗೂ ಕೇಳಿಸಿತು. ಅವನ ತಟ್ಟೆಗೆ ಬಡಿಸಿದ್ದ ಅನ್ನವನ್ನು ಮತ್ತೆ ಪಾತ್ರೆಗೆ ಸುರಿದಳು. "ಅತ್ತೆ, ನಿಮ್ಮಿಷ್ಟ. ಏನು ಹೇಳ್ಬೇಕೋ ಹೇಳಿ. ಕಾರಲ್ಲಿ ನಾನೇ ಕರ್ಕೊಂಡು ಹೋಗ್ತೀನಿ."

ವಿಚಾರಣೆ ನಡೆದದ್ದು ಕಚೇರಿಯ ಎರಡನೇ ಮಹಡಿಯ ಉದ್ದನೆಯ ಕೋಣೆಯಲ್ಲಿ. ಪ್ಲಾಸ್ಟಿಕ್ ಕುರ್ಚಿಗಳು, ಕಿರುಗುಟ್ಟುವ ಫ್ಯಾನು. ದುಡ್ಡು ಕಳೆದುಕೊಂಡವರು ಕೂರಲು ಜಾಗವಿಲ್ಲದೆ ಗೋಡೆಗೆ ಒರಗಿ ನಿಂತಿದ್ದರು. ಮೇಜಿನ ಆಚೆ ಕೂತ ಅಧಿಕಾರಿ ಚಿಕ್ಕ ವಯಸ್ಸಿನ ಹೆಂಗಸು. ಮೂಗು ಒರೆಸಿಕೊಂಡಾಗ ಮೊಮ್ಮಗಳಿಗೆ ಫೋನಿನ ದನಿ ಇದೇ ಎಂದು ಗೊತ್ತಾಯಿತು.

ವಕೀಲ ಮೃದುವಾಗಿ ಕೇಳಿದ: "ತಾಯಿ, ಇಲ್ಲಿರೋರೆಲ್ಲ ನಿಮ್ಮ ಮನೆಗೆ ಬಂದು ಹೋಗೋರು, ನೀವು ಚಹಾ ಕೊಟ್ಟು ಉಪಚಾರ ಮಾಡಿದೋರು. ಹೌದಲ್ವಾ?"

"ಚಹಾ ಕೊಟ್ಟೆ. ಹೌದು."

"ಅಂದ್ರೆ ನಿಮಗೆ ಬೇಕಾದವರು."

ನರ್ಸಮ್ಮ ಗೋಡೆಯುದ್ದಕ್ಕೂ ಕಣ್ಣು ಹಾಯಿಸಿದಳು. "ಬಡಗಿ ಗೊತ್ತು. ಅವನ ಕೈ ನೋಡಿದೀನಿ. ಇನ್ನು ನಾಲ್ಕಾರು ಜನ ನಮ್ಮ ಬೀದಿಯವರು. ಉಳಿದೋರು ಯಾರೋ ನನಗೆ ಗೊತ್ತಿಲ್ಲ. ಅಗೋ ಆ ಟೋಪಿಯವರು, ಅವರ ಪಕ್ಕ ಕೂಸು ಎತ್ಕೊಂಡಿರೋಳು. ಇವನು ಕರ್ಕೊಂಡು ಬಂದ. ಸಕ್ಕರೆ ಎಷ್ಟು ಹಾಕ್ಲಿ ಅಂತ ಒಬ್ಬೊಬ್ಬರನ್ನೂ ಕೇಳಿ ಚಹಾ ಮಾಡಿದೆ. ನಮ್ಮವರಾಗಿದ್ರೆ ಕೇಳ್ಬೇಕಿತ್ತಾ? ಗೊತ್ತಿರ್ತಿತ್ತು."

ಕೋಣೆಯಲ್ಲಿ ಯಾರೋ ನಕ್ಕರು. ನಗು ಅಲ್ಲೇ ನಿಂತಿತು. ಸೂಟು ತಲೆ ತಗ್ಗಿಸಿ ಕೂತಿದ್ದ. ಇವತ್ತೂ ಕೋಟು ಹಾಕಿಕೊಂಡಿದ್ದ.

"ಇವನಿಗೆ ಕಾರ್ಖಾನೆ ಇಲ್ಲ ಅಂತ ಗೊತ್ತಿತ್ತು," ನರ್ಸಮ್ಮ ಮುಂದುವರಿಸಿದಳು. "ನಾನು ಕಣ್ಣಾರೆ ನೋಡಿ ಬಂದಿದೀನಿ. ನನ್ನ ಮುಖ ತೋರಿಸಿ ಮಾರಿದ. ನನ್ನ ಮಗನೇ ಮಾರಿದ." ಆಮೇಲೆ ಅವಳ ಸಿಟ್ಟು ಮೇಜಿನ ಆಚೆಗೂ ತಿರುಗಿತು. "ನೀವೆಲ್ಲಿದ್ರಿ? ಇವನು ಬೋರ್ಡು ಹಾಕ್ಕೊಂಡು ಮುಖ್ಯರಸ್ತೇಲೇ ಕೂತಿದ್ನಲ್ಲ! ನಿಮ್ಮ ಜೀಪು ಆ ದಾರೀಲೇ ಹೋಗ್ತಿತ್ತು."

"ನಾವು ಮೂರೇ ಜನ ಇರೋದಮ್ಮ, ಇಷ್ಟು ದೊಡ್ಡ ಪ್ರದೇಶಕ್ಕೆ," ಅಧಿಕಾರಿ ಹೇಳಿದಳು. "ಯಾರೂ ದೂರು ಕೊಟ್ಟಿರಲಿಲ್ಲ."

"ಜ್ವರ ಬಂದೋರು ಬಂದು ಹೇಳ್ಲಿ ಅಂತ ಕಾಯೋದಾದ್ರೆ ಲಸಿಕೆ ಯಾಕೆ ಹಾಕ್ತಿದ್ವಿ ನಾವು?"

ಅಧಿಕಾರಿ ಕೋಪಿಸಿಕೊಳ್ಳಲಿಲ್ಲ. "ನೀವು ಹೇಳೋದು ಸರಿ," ಎಂದಳು. "ನಾನೂ ಮೇಲಿನವರಿಗೆ ಬರೆದಿದ್ದೀನಿ. ಇನ್ನೂ ಜನ ಕೊಟ್ಟಿಲ್ಲ. ಇವತ್ತು ನನ್ನ ಕೈಲಾಗೋದನ್ನ ಮಾಡ್ತೀನಿ."

ಮಾಡಿದಳು. ಕೆಲವು ವಾರಗಳಲ್ಲಿ ಆದೇಶ ಹೊರಬಿತ್ತು. ಸೂಟು ಇನ್ನು ಬದುಕಿರುವವರೆಗೆ ಶೇರಾಗಲಿ ಬಾಂಡಾಗಲಿ ಮಾರುವಂತಿಲ್ಲ, ಯಾರಿಂದಲೂ ಬಂಡವಾಳ ಎತ್ತುವಂತಿಲ್ಲ. ಎತ್ತಿದರೆ ಜಾಮೀನು ರದ್ದು, ನೇರ ಜೈಲು. ಮೋಸದ ಮೊಕದ್ದಮೆ ನ್ಯಾಯಾಲಯದಲ್ಲಿ ಬೇರೆ ನಡೆಯುತ್ತಿತ್ತು, ಅವನು ಹೊರಗಿದ್ದದ್ದು ಅದರ ಜಾಮೀನಿನ ಮೇಲೆ. ಖಾತೆಯಲ್ಲಿ ಉಳಿದಿದ್ದನ್ನು ಜನರಿಗೆ ಹಂಚಿದರು. ಹೆಚ್ಚೇನೂ ಉಳಿದಿರಲಿಲ್ಲ. ಬಡಗಿ ತನ್ನ ಪಾಲು ತೆಗೆದುಕೊಂಡು ಬರುವ ದಾರಿಯಲ್ಲಿ ನರ್ಸಮ್ಮನ ಗೇಟಿನ ಮುಂದೆ ನಿಂತ.

"ಬಂತೇನಪ್ಪ?"

"ಬಂತು. ಒಂದು ಬೆರಳಿಂದೂ ಪೂರ್ತಿ ಇಲ್ಲ." ಅವನು ಅವಳ ಮುಖ ನೋಡದೆ ಹೇಳಿದ. "ನೀವು ನಿಜ ಹೇಳಿದ್ರಿ ಅಂತಾರೆ ಎಲ್ಲಾರೂ. ನನಗೆ ಮಾತ್ರ ಇನ್ನೂ ನಿಮ್ಮನೆ ಕಡೆ ನೋಡಿದ್ರೆ ಹೊಟ್ಟೆ ಉರಿಯುತ್ತೆ ನರ್ಸಮ್ಮ."

"ಉರೀಲಿ," ಎಂದಳು ಅವಳು. "ನನಗೂ ಉರಿಯುತ್ತೆ."

ಸೂಟು ಮನೆಯಲ್ಲೇ ಉಳಿದ. ಸೊಸೆ ಅವನ ಹಾಸಿಗೆಯನ್ನು ಹಜಾರಕ್ಕೆ ಎಸೆದಿದ್ದಳು. ಪಾತ್ರೆ, ಬಟ್ಟೆ, ಕಸ ಎಲ್ಲ ಅವನ ಪಾಲಿಗೆ ಬಂದವು. ಮೊದಮೊದಲು ಗೊಣಗಿದ, ಆಮೇಲೆ ಚೆನ್ನಾಗಿಯೇ ಮಾಡತೊಡಗಿದ. ಬಿಳಿ ಬಟ್ಟೆ ಬೇರೆ ನೆನೆಸುತ್ತಿದ್ದ. ಮಗಳು ಕಾಲೇಜಿನಿಂದ ಬರುವ ಹೊತ್ತಿಗೆ ಆಲೂಗಡ್ಡೆ ಬೇಯಿಸಿಡುತ್ತಿದ್ದ. ಅವಳು ಇನ್ನೂ ಅವನೊಂದಿಗೆ ಮಾತಾಡುತ್ತಿರಲಿಲ್ಲ, ಆದರೆ ಆಲೂಗಡ್ಡೆ ತಿನ್ನುತ್ತಿದ್ದಳು. ಹುಡುಗ ಹಾದಿಗೆ ಬಂದ ಎಂದು ನರ್ಸಮ್ಮನಿಗೆ ಅನ್ನಿಸಿತು. ಸೊಸೆಗೆ ಒಮ್ಮೆ ಹಾಗೆಂದು ಹೇಳಿಯೂ ಬಿಟ್ಟಳು.

ಒಂದು ಬೆಳಗ್ಗೆ ಅವಳು ಸೊಪ್ಪು ಬಿಡಿಸುತ್ತ ಹಿತ್ತಲ ಬಾಗಿಲಲ್ಲಿ ಕೂತಿದ್ದಳು. ಅವನು ಹೊರಗೆ ಒದ್ದೆ ಬಟ್ಟೆ ಹರವುತ್ತ, ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು ಮಾತಾಡುತ್ತಿದ್ದ. ಹರವಿದ ಬಟ್ಟೆಯಾಚೆಯಿಂದ ಮಾತು ಮಾತ್ರ ಕೇಳಿಸುತ್ತಿತ್ತು.

"...ಇಲ್ಲ ಸಾರ್, ಇದು ಶೇರಲ್ಲ. ಶೀತಲ ಗೋದಾಮಿನಲ್ಲಿ ಪಾಲು. ಪಾಲಿಗೆ ಯಾವ ಕಚೇರಿ ಅಪ್ಪಣೆಯೂ ಬೇಡ. ತರಕಾರಿ ಯಾವಾಗ್ಲೂ ಬೇಕಲ್ವಾ ಜನಕ್ಕೆ..."

ದನಿ ಅದೇ. ಬೆಚ್ಚಗೆ, ಅವಸರವಿಲ್ಲದೆ.

ನರ್ಸಮ್ಮ ಎದ್ದು ಹೋಗಿ, ಬಟ್ಟೆ ಸರಿಸಿ, ಅವನ ಭುಜದಿಂದ ಫೋನು ಎತ್ತಿಕೊಂಡಳು.

"ಹಲೋ. ನಾನು ಇವನ ತಾಯಿ ಮಾತಾಡ್ತಿರೋದು. ಒಂದು ಕಾಸೂ ಕೊಡಬೇಡಿ ಇವನಿಗೆ."

ಆ ಕಡೆ ವಯಸ್ಸಾದ ದನಿ ತಡವರಿಸಿತು. "ಅಯ್ಯೋ, ನಿನ್ನೇನೇ ಕೊಟ್ಟೆನಲ್ಲಮ್ಮ. ನರ್ಸಮ್ಮನ ಮಗ ಅಂದ್ರು. ನಮ್ಮ ಮೊಮ್ಮಕ್ಕಳಿಗೆಲ್ಲ ನೀವೇ ಲಸಿಕೆ ಹಾಕಿದ್ದು, ಅದಕ್ಕೇ..."

"ನಿಮ್ಮ ಮನೆ ಎಲ್ಲಿ, ಹೇಳಿ. ಈಗಲೇ ಬರ್ತೀನಿ. ಹೂಡಿಕೆ ಕಚೇರಿಗೆ ಹೋಗೋಣ, ನೀವೂ ನಾನೂ."

ಅವಳು ಕೇಳಿ ತಿಳಿದುಕೊಂಡು, ಫೋನನ್ನು ಸೀರೆಯ ಸೊಂಟಕ್ಕೆ ಸಿಕ್ಕಿಸಿದಳು. ಸೂಟಿನ ಕೈಯಲ್ಲಿ ಮಗಳ ಒದ್ದೆ ಅಂಗಿ ನೀರು ತೊಟ್ಟಿಕ್ಕಿಸುತ್ತಿತ್ತು.

"ಅಮ್ಮ, ವಾಪಸ್ ಕೊಟ್ಬಿಡ್ತೀನಿ. ಇವತ್ತೇ ಕೊಡ್ತೀನಿ."

"ಹೋಗೋ ದಾರೀಲಿ ಕೊಡು." ಅವಳು ಒಳಗೆ ತಿರುಗಿ ಕೂಗಿದಳು. "ಏ, ಕಾರು ತೆಗೀ."

ಸೊಸೆ ಹೊರಗೆ ಬಂದಳು. ಗಂಡನ ಮುಖ ನೋಡಿದಳು, ಮೊಳೆಯಿಂದ ಕೀಲಿ ತೆಗೆದುಕೊಂಡಳು. ಕಾರು ಗುರ್ರೆಂದಿತು.

"ಅಮ್ಮ, ಈ ಸಲ ಜೈಲು. ಗೊತ್ತಾ ನಿನಗೆ? ಜೈಲೇ!"

"ಗೊತ್ತು." ಅವಳು ಕಾರಿನ ಹಿಂದಿನ ಬಾಗಿಲು ತೆರೆದು ಹಿಡಿದು ನಿಂತಳು. "ಊಟ ನಾನೇ ತರ್ತೀನಿ. ಹತ್ತು."